ಹಳೇ ಸೈಡ್‌ಬೋರ್ಡ್ ಕೊಳ್ಳುತ್ತೀರಾ? ಮೊದಲು ಡ್ರಾಯರ್ ಎಳೆಯಿರಿ

ಹಳೇ ಸೈಡ್‌ಬೋರ್ಡ್, ಅಂದರೆ ಊಟದ ಕೋಣೆಯ ಉದ್ದನೆಯ ಬೀರು, ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಅದರ ಮುಖದ ಮೇಲೆ. ಕೆತ್ತನೆ, ಹಿತ್ತಾಳೆ ಹಿಡಿ, ಅಂಚು ಕೊರೆದ ಕನ್ನಡಿ, ಮಿರಮಿರ ಮಿಂಚುವ ಪಾಲಿಶ್. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಹಾಗಾಗಿ ಅವರು ದುಡ್ಡು ಸುರಿಯುವುದೂ ಮುಖದ ಮೇಲೇ. ನಿಮಗೆ ನಿಜ ಬೇಕಾದರೆ ಒಂದು ಡ್ರಾಯರನ್ನು ಪೂರ್ತಿ ಹೊರಗೆ ಎಳೆದು, ಮಗುಚಿ, ಬೆಳಕಿಗೆ ಹಿಡಿದು ನೋಡಿ. ಅಲ್ಲಿಗೆ ಯಾರೂ ಪಾಲಿಶ್ ಹೊಡೆದಿರುವುದಿಲ್ಲ. ಹೊಡೆದಿದ್ದರೆ ಅದೇ ಒಂದು ಅನುಮಾನ.

ಮೈಸೂರಿನಲ್ಲಿ ಈಗ ಇಂಥ ಸಾಮಾನು ಆಗಾಗ ಹೊರಗೆ ಬರುತ್ತಿದೆ. ಲಕ್ಷ್ಮೀಪುರಂ, ಚಾಮರಾಜಪುರಂ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಕಡೆಯ ಹಳೇ ಮನೆಗಳು ಅಪಾರ್ಟ್‌ಮೆಂಟ್ ಆಗುತ್ತಿವೆ. ಮಕ್ಕಳು ಬೇರೆ ಊರಲ್ಲಿದ್ದಾರೆ. ಆರಡಿ ಉದ್ದದ ಮರದ ಪೀಸನ್ನು ಯಾರು ಎಲ್ಲಿಗೆ ಸಾಗಿಸುವುದು ಅಂತ ಸಿಕ್ಕಿದ ರೇಟಿಗೆ ಕೊಟ್ಟುಬಿಡುತ್ತಾರೆ. ಅದೇ ಪೀಸು ಸ್ವಲ್ಪ ದಿನದಲ್ಲಿ ಅಂಗಡಿಯಲ್ಲಿ ‘ನೂರೈವತ್ತು ವರ್ಷದ ಬ್ರಿಟಿಷ್ ಆಂಟಿಕ್’ ಆಗಿ ನಿಂತಿರುತ್ತದೆ. ಬಹಳ ಸಲ ಅದು ಬ್ರಿಟಿಷರದ್ದೂ ಅಲ್ಲ, ನೂರೈವತ್ತು ವರ್ಷದ್ದೂ ಅಲ್ಲ. ಹಾಗಂತ ಕೆಟ್ಟದ್ದೂ ಅಲ್ಲ.

ಇದು ಬಂದದ್ದು ಎಲ್ಲಿಂದ

ಸೈಡ್‌ಬೋರ್ಡ್ ಅಂದರೆ ಊಟದ ಕೋಣೆಯ ಗೋಡೆಗೆ ಆನಿಸಿ ಇಡುವ, ಉದ್ದನೆಯ, ಸೊಂಟದೆತ್ತರದ ಬೀರು. ಮೇಲಿನ ಹಲಗೆಯ ಮೇಲೆ ಬಡಿಸುವ ಪಾತ್ರೆಗಳು. ಡ್ರಾಯರ್‌ಗಳಲ್ಲಿ ಚಮಚ, ಮೇಜಿನ ಬಟ್ಟೆ. ಕೆಳಗಿನ ಬಾಗಿಲುಗಳ ಹಿಂದೆ ತಟ್ಟೆ, ಜಗ್ಗು, ಬಾಟ್ಲಿ. ಸಾಮಾನ್ಯವಾಗಿ ಎತ್ತರ ಮೂರಡಿಯ ಆಸುಪಾಸು, ಆಳ ಒಂದೂವರೆಯಿಂದ ಎರಡಡಿ, ಉದ್ದ ನಾಲ್ಕರಿಂದ ಆರಡಿ. ಇದರ ಮೇಲೆ ಗಾಜಿನ ಕಪಾಟು ಕೂತರೆ ನಾವು ಅದನ್ನು ಶೋಕೇಸ್ ಅನ್ನುತ್ತೇವೆ, ಈಗಿನವರು ಕ್ರಾಕರಿ ಯೂನಿಟ್ ಅನ್ನುತ್ತಾರೆ.

ಇಂಗ್ಲೆಂಡಿನಲ್ಲಿ ಇದು ಒಂದೇ ಸಲಕ್ಕೆ ಹುಟ್ಟಿದ್ದಲ್ಲ. 1760-70ರ ದಶಕದಲ್ಲಿ ರಾಬರ್ಟ್ ಆಡಮ್ ಎಂಬ ವಾಸ್ತುಶಿಲ್ಪಿ ಶ್ರೀಮಂತರ ಮನೆಗಳಿಗೆ ಒಂದು ಉದ್ದನೆಯ ಮೇಜು, ಅದರ ಎರಡೂ ಕಡೆ ಬಿಡಿಬಿಡಿಯಾದ ಎರಡು ಪೆಟ್ಟಿಗೆ-ಕಂಬ, ಅವುಗಳ ಮೇಲೆ ಎರಡು ಹೂಜಿ ಇಡುವ ಪದ್ಧತಿ ತಂದ. ಹೂಜಿಯಲ್ಲಿ ನೀರು, ಪೆಟ್ಟಿಗೆಯಲ್ಲಿ ತಟ್ಟೆ. ಆಮೇಲೆ ಮೇಜು, ಪೆಟ್ಟಿಗೆ ಎರಡೂ ಕೂಡಿಕೊಂಡು ಒಂದೇ ಪೀಸಾಯಿತು. 1788ರಲ್ಲಿ ಹೆಪಲ್‌ವೈಟ್, 1790ರ ದಶಕದಲ್ಲಿ ಶೆರಟನ್ ಎಂಬ ಬಡಗಿಗಳ ಹೆಸರಿನಲ್ಲಿ ಬಂದ ನಮೂನೆ ಪುಸ್ತಕಗಳು ಈ ಆಕಾರವನ್ನು ಎಲ್ಲ ಕಡೆ ಹಬ್ಬಿಸಿದವು. ವಿಕ್ಟೋರಿಯಾ ರಾಣಿ ಕಾಲಕ್ಕೆ ಅದು ದಪ್ಪವಾಯಿತು. ಹಿಂದೆ ದೊಡ್ಡ ಕನ್ನಡಿ ಬಂತು, ಹಣ್ಣು-ಬಳ್ಳಿ ಕೆತ್ತನೆ ಬಂತು.

ಮೈಸೂರಿಗೆ ಬಂದ ದಾರಿ ಬೇರೆ. ನಮ್ಮ ಮನೆಗಳಲ್ಲಿ ಊಟ ಅಂದರೆ ನೆಲದ ಮೇಲೆ, ಮಣೆ ಹಾಕಿ, ಎಲೆ ಹಾಸಿ. ಬಡಿಸುವವರು ಬಾಗಿ ಬಡಿಸುತ್ತಿದ್ದರು. ಆ ಪದ್ಧತಿಯಲ್ಲಿ ಸೈಡ್‌ಬೋರ್ಡಿಗೆ ಕೆಲಸವೇ ಇರಲಿಲ್ಲ. ಅದು ಮೊದಲು ಬೇಕಾದದ್ದು ಬ್ರಿಟಿಷ್ ಪ್ರತಿನಿಧಿ ಇರುತ್ತಿದ್ದ ರೆಸಿಡೆನ್ಸಿಗೆ, ಅತಿಥಿಗೃಹಗಳಿಗೆ, ಬಿಳಿ ದೊರೆಗಳ ಬಂಗಲೆಗಳಿಗೆ. 1921ರಲ್ಲಿ ಲಲಿತಮಹಲ್ ಅರಮನೆಗೆ ಅಡಿಗಲ್ಲು ಹಾಕಿದ್ದೇ ವೈಸರಾಯರಂಥ ಅತಿಥಿಗಳಿಗಾಗಿ. ಅಂಥ ಕಡೆ ಮೇಜು-ಕುರ್ಚಿಯ ಊಟ, ಹಾಗಾಗಿ ಸೈಡ್‌ಬೋರ್ಡ್ ಇರಲೇಬೇಕು.

ಅಲ್ಲಿಂದ ಅದು ಮಧ್ಯಮ ವರ್ಗಕ್ಕೆ ಇಳಿಯಿತು. 1890ರ ದಶಕದ ಕೊನೆಯ ಪ್ಲೇಗ್ ಆದಮೇಲೆ ಊರಿನ ಇಕ್ಕಟ್ಟು ಬಿಡಿಸಬೇಕಾಯಿತು. 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಟ್ರಸ್ಟ್ ಬೋರ್ಡ್ ಆಯಿತು, ಹೊಸ ಬಡಾವಣೆಗಳು ಎದ್ದವು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಕನ್ನಂಬಾಡಿ ಕಟ್ಟೆಗೆ ಇಂಜಿನಿಯರುಗಳು ಬಂದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು, ಅಧಿಕಾರಿಗಳ ಸಂಸಾರಗಳು ಅಲ್ಲಿಗೂ ಹೋದವು. ಇಂಥ ಮನೆಗಳಲ್ಲಿ ಸೈಡ್‌ಬೋರ್ಡ್ ಇತ್ತು, ಆದರೆ ಹೆಚ್ಚಾಗಿ ನಡುಮನೆಯಲ್ಲಿ. ಒಳಗೆ ಯಾರಾದರೂ ಬಂದಾಗ ಮಾತ್ರ ತೆಗೆಯುವ ಪಿಂಗಾಣಿ ಕಪ್ಪು. ಮೇಲೆ ರೇಡಿಯೋ. ದಸರಾ ಬಂದರೆ ಅದೇ ಬೊಂಬೆ ಮೆಟ್ಟಿಲ ತಳಪಾಯ. ಇಂಥ ಪೀಸುಗಳ ಮೇಲಿನ ಹಲಗೆಯಲ್ಲಿ ಬಿಸಿ ಪಾತ್ರೆಯ ಬಿಳಿ ಗುರುತಿಗಿಂತ ಎಣ್ಣೆ ದೀಪದ ಕಪ್ಪು ಕಲೆ ಜಾಸ್ತಿ ಸಿಗುವುದು ಇದಕ್ಕೇ.

ಇಂಗ್ಲಿಷ್ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಇದು ಈ ವಿಷಯದಲ್ಲೇ ಮುಖ್ಯವಾದ ಮಾತು. ಹಳೇ ಪೀಠೋಪಕರಣದ ವಯಸ್ಸು ಹೇಳುವ ವಿಡಿಯೋಗಳು, ಪುಸ್ತಕಗಳು ಬರುವುದೆಲ್ಲ ಇಂಗ್ಲೆಂಡ್, ಅಮೆರಿಕದಿಂದ. ಅವುಗಳ ಲೆಕ್ಕ ಅಲ್ಲಿನ ಕಾರ್ಖಾನೆಗಳ ಇತಿಹಾಸದ ಮೇಲೆ ನಿಂತಿದೆ. ನಮ್ಮಲ್ಲಿ ಸಿಗುವ ಬಹುಪಾಲು ಸೈಡ್‌ಬೋರ್ಡ್‌ಗಳನ್ನು ಮಾಡಿದ್ದು ಇಲ್ಲಿನ ಆಚಾರಿಗಳು, ಇಲ್ಲಿನ ಮರದಲ್ಲಿ, ಕೈಯಲ್ಲಿ. ನಮೂನೆ ಮಾತ್ರ ಆಚೆಯದು. ಕಲ್ಕತ್ತದ ಲ್ಯಾಜರಸ್‌ನಂಥ ದೊಡ್ಡ ಕಂಪನಿಗಳ ಪೀಸುಗಳೂ ಇವೆ, ಆದರೆ ಅವು ಅಪರೂಪ. ಮೈಸೂರಿನಲ್ಲೇ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮರಗೆಲಸ, ಕೆತ್ತನೆ ಕಲಿಸುತ್ತಿದ್ದರು. ಕಲಿತ ಕೈಗಳಿಗೆ ಇಲ್ಲಿ ಬರವಿರಲಿಲ್ಲ.

ಇದರಿಂದ ಏನಾಗುತ್ತದೆ ನೋಡಿ. ಡ್ರಾಯರಿನ ಮೂಲೆಯಲ್ಲಿ ಎರಡು ಹಲಗೆ ಒಂದರೊಳಗೊಂದು ಬೆಣೆ-ಬೆಣೆಯಾಗಿ ಕಚ್ಚಿಕೊಂಡಿರುತ್ತವೆ. ಆಚಾರಿಗಳೂ ಇದಕ್ಕೆ ಡವ್‌ಟೈಲ್ ಅನ್ನುತ್ತಾರೆ. ಬೆಣೆಗಳು ಒಂದಕ್ಕೊಂದು ಸಮ ಇಲ್ಲದಿದ್ದರೆ, ಬುಡದಲ್ಲಿ ಗೀರು ಹಾಕಿದ ಗೆರೆ ಕಂಡರೆ, ಅದು ಕೈಕೆಲಸ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಈ ಕೆಲಸ ಯಂತ್ರಕ್ಕೆ ಹೋಗಿತ್ತು. ಹಾಗಾಗಿ ಅಲ್ಲಿ ಕೈಯ ಡವ್‌ಟೈಲ್ ಸಿಕ್ಕರೆ ಪೀಸು ಅದಕ್ಕಿಂತ ಹಿಂದಿನದು ಅಂತ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ? ಇವತ್ತಿಗೂ ಆಚಾರಿ ಉಳಿ ಹಿಡಿದು ಅದನ್ನೇ ಮಾಡುತ್ತಾನೆ. ‘ನೋಡಿ ಸಾರ್, ಕೈಯಲ್ಲಿ ಮಾಡಿದ ಜಾಯಿಂಟು, ನೂರು ವರ್ಷ ಗ್ಯಾರಂಟಿ’ ಅಂದರೆ ಸುಮ್ನೆ ತಲೆಯಾಡಿಸಿ. ಅದು ಒಳ್ಳೇ ಕೆಲಸದ ಗುರುತು, ವಯಸ್ಸಿನ ಗುರುತಲ್ಲ. ಗರಗಸದ ಗುರುತೂ ಹಾಗೇ. ಕೈಗರಗಸದ ಗೀರು ನೇರ, ಯಂತ್ರದ ಚಕ್ರ ಗರಗಸದ ಗೀರು ಕಮಾನು. ಕಮಾನು ಕಂಡರೆ ಯಂತ್ರ ಅಂತ ಖಚಿತ. ನೇರ ಗೀರು ಕಂಡರೆ ನಮ್ಮ ಕಡೆ ಏನೂ ಖಚಿತವಿಲ್ಲ.

ಹಾಗಾದರೆ ಯಾವುದನ್ನು ನಂಬುವುದು? ‘ಇದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ’ ಅಂತ ಹೇಳುವ ಗುರುತುಗಳನ್ನು. ಪ್ಲಸ್ ಆಕಾರದ ತಲೆಯ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಬೀಗದ ಮೇಲೆ ಗೋದ್ರೇಜ್ ಅಂತಿದ್ದರೆ ಆ ಕಂಪನಿ ಬೀಗ ಮಾಡಲು ಶುರುಮಾಡಿದ್ದು 1897ರಲ್ಲಿ. ಬೇಕಲೈಟ್ ಹಿಡಿ ಇದ್ದರೆ, ಆ ಪ್ಲಾಸ್ಟಿಕ್ ಕಂಡುಹಿಡಿದದ್ದೇ 1907ರಲ್ಲಿ. ಡ್ರಾಯರಿನ ತಳ ಪ್ಲೈವುಡ್ ಆಗಿದ್ದರೆ, ಅದೂ ಮೂಲದ್ದೇ ಆಗಿದ್ದರೆ, ವಿಕ್ಟೋರಿಯಾ ರಾಣಿಯ ಮಾತು ಬಿಡಿ. ಮೇಲಿನ ಹಲಗೆಗೆ ಸನ್‌ಮೈಕ ಇದ್ದರೆ ಹೇಳುವುದೇ ಬೇಡ. ಒಂದೇ ಎಚ್ಚರ: ಸ್ಕ್ರೂ, ಬೀಗ, ಹಿಡಿ ಎಲ್ಲವೂ ಬದಲಾಗುವಂಥವು. ಹಳೇ ಪೀಸಿಗೆ ಹೊಸ ಸ್ಕ್ರೂ ಬಿದ್ದಿರಬಹುದು. ಹಿಡಿ ಬದಲಾಗಿದೆಯೇ ಅಂತ ತಿಳಿಯಲು ಡ್ರಾಯರಿನ ಮುಖದ ಹಲಗೆಯ ಒಳಬದಿ ನೋಡಿ. ಬಳಸದೇ ಮುಚ್ಚಿದ ತೂತುಗಳಿದ್ದರೆ ಅಲ್ಲಿ ಮೊದಲು ಬೇರೆ ಹಿಡಿ ಇತ್ತು.

ಈಗ ಕೈಯಲ್ಲಿರುವ ಡ್ರಾಯರನ್ನೇ ಇನ್ನೊಂದು ಸ್ವಲ್ಪ ಹೊತ್ತು ನೋಡೋಣ. ಪಕ್ಕದ ಹಲಗೆಗಳ ಕೆಳ ಅಂಚು ಸವೆದಿರಬೇಕು. ಹಿಂದಕ್ಕೆ ಹೋದಂತೆ ಸವೆತ ಜಾಸ್ತಿ ಇರುತ್ತದೆ, ಯಾಕೆಂದರೆ ಅರ್ಧ ಎಳೆದಾಗ ಡ್ರಾಯರಿನ ಭಾರ ಹಿಂಭಾಗದ ಮೇಲೇ ನಿಲ್ಲುತ್ತದೆ. ಡ್ರಾಯರ್ ಜಾರುವ ಒಳಗಿನ ಪಟ್ಟಿಯಲ್ಲೂ ಅದಕ್ಕೆ ಜೋಡಿ ಸವೆತ ಇರಬೇಕು. ಒಂದು ಸವೆದು ಇನ್ನೊಂದು ಹೊಸದಾಗಿದ್ದರೆ ರಿಪೇರಿ ಆಗಿದೆ ಅಂತ ಅರ್ಥ. ಅದು ತಪ್ಪೇನಲ್ಲ. ಎರಡೂ ಹೊಸದಾಗಿದ್ದು ಮುಖ ಮಾತ್ರ ಹಳೆಯದಾಗಿದ್ದರೆ ಯೋಚಿಸಿ. ತಳದ ಹಲಗೆ ಪಕ್ಕದ ಹಲಗೆಗಳಲ್ಲಿ ಕೊರೆದ ಸಾಲಿನೊಳಗೆ ಸುಮ್ಮನೆ ಜಾರಿ ಕೂತಿರಬೇಕು, ಅಂಟು ಹಾಕಿರಬಾರದು. ಹಳೆಯದಾದರೆ ಅದು ಅಡ್ಡಕ್ಕೆ ಕುಗ್ಗಿ ಒಂದು ಕಡೆ ಸಣ್ಣ ಸಂದು ಬಿಟ್ಟಿರುತ್ತದೆ. ತಳದ ಕೆಳಬದಿಗೆ ಬೆರಳ ತುದಿ ಆಡಿಸಿ. ಕೈ ಉಜ್ಜುಗೊರಡು ಹೊಡೆದ ಕಡೆ ಸಣ್ಣ ಅಲೆ ಅಲೆ ಹತ್ತುತ್ತದೆ, ಯಂತ್ರದ ಹಲಗೆ ಸಪಾಟು. ಕೊನೆಗೆ ಮೂಸಿ ನೋಡಿ. ಹಳೇ ಮರಕ್ಕೆ ಒಣ ವಾಸನೆ ಇರುತ್ತದೆ. ಬಣ್ಣದ, ಥಿನ್ನರಿನ ವಾಸನೆ ಬಂದರೆ ಯಾರೋ ಇತ್ತೀಚೆಗೆ ಒಳಗೂ ಕಪ್ಪು ಬಳಿದು ‘ವಯಸ್ಸು’ ತಂದಿದ್ದಾರೆ.

ಇನ್ನು ಬೀರನ್ನು ಗೋಡೆಯಿಂದ ಸರಿಸಿ ಬೆನ್ನು ನೋಡಿ. ಕನ್ನಡಿ ಇರುವ ಮೇಲ್ಭಾಗದ ಹಿಂಹಲಗೆ ಮತ್ತು ಕೆಳಭಾಗದ್ದು ಒಂದೇ ಮರವಾ, ಒಂದೇ ಬಣ್ಣಕ್ಕೆ ಮಾಗಿವೆಯಾ? ಎರಡು ಬೇರೆ ಬೇರೆ ಪೀಸುಗಳನ್ನು ಜೋಡಿಸಿ ಒಂದು ಮಾಡುವುದು ಈ ವ್ಯಾಪಾರದಲ್ಲಿ ತುಂಬಾ ಹಳೇ ಚಾಳಿ. ಅಳತೆಯಲ್ಲಿ ಒಂದು ಬೆರಳು ವ್ಯತ್ಯಾಸ ಇದ್ದು ಅದನ್ನು ಪಟ್ಟಿ ಹೊಡೆದು ಮುಚ್ಚಿದ್ದರೆ ಅನುಮಾನ ಪಡಿ. ‘ಬೆಲ್ಜಿಯಂ ಕನ್ನಡಿ’ ಅನ್ನುವ ಮಾತಿಗೆ ನಾನು ಕಿವಿಗೊಡುವುದಿಲ್ಲ. ನಮ್ಮ ಊರಲ್ಲಿ ಅಂಚು ಕೊರೆದ ಕನ್ನಡಿ ಎಲ್ಲವೂ ಬೆಲ್ಜಿಯಂದೇ!

ಆಕಾರ ನೋಡಿ ಕಾಲವನ್ನು ಒಂದು ಮಟ್ಟಿಗೆ ಊಹಿಸಬಹುದು. ಕಡೆದ ಕಾಲು, ಎತ್ತರದ ಕೆತ್ತನೆ ಬೆನ್ನು ಇದ್ದರೆ ಇಪ್ಪತ್ತನೇ ಶತಮಾನದ ಮೊದಲ ಭಾಗದವರೆಗಿನ ರುಚಿ. ಮೂಲೆಗಳು ದುಂಡಗಾಗಿ, ಕೆತ್ತನೆ ಹೋಗಿ, ಅಡ್ಡ ಗೆರೆಗಳು ಬಂದಿದ್ದರೆ ಅದು ಆರ್ಟ್ ಡೆಕೊ. 1925ರ ಪ್ಯಾರಿಸ್ ಪ್ರದರ್ಶನದ ನಂತರ ಲೋಕಕ್ಕೆಲ್ಲ ಹಬ್ಬಿದ ಶೈಲಿ ಅದು. ನಮ್ಮಲ್ಲಿ ಅದರ ಸುಗ್ಗಿ 1930ರಿಂದ 50ರ ದಶಕದವರೆಗೆ. ತೆಳ್ಳಗೆ ಓರೆಯಾದ ಕಾಲು, ಜಾರುವ ಗಾಜಿನ ಬಾಗಿಲು ಇದ್ದರೆ ಐವತ್ತು-ಅರವತ್ತರ ದಶಕ. ಆ ಕಾಲಕ್ಕೆ ಡೆನ್ಮಾರ್ಕಿನವರು ಏಷ್ಯಾದಿಂದ ತರಿಸಿದ ತೇಗದಲ್ಲಿ ಮಾಡಿದ ಸೈಡ್‌ಬೋರ್ಡ್‌ಗಳು ಜಗತ್ಪ್ರಸಿದ್ಧವಾದವು. ಅವುಗಳಲ್ಲಿ ಎಷ್ಟೋ ತೇಗದ ತೆಳು ಪದರ ಹಚ್ಚಿದವು. ನಮ್ಮ ಆಚಾರಿ ಅದೇ ಆಕಾರವನ್ನು ಗಟ್ಟಿ ತೇಗದಲ್ಲಿ ಮಾಡಿಬಿಟ್ಟಿರುತ್ತಾನೆ. ನನ್ನ ಕೇಳಿದರೆ ಮೈಸೂರಿನಲ್ಲಿ ಕೊಳ್ಳಬೇಕಾದದ್ದು ಡೆಕೊ ಕಾಲದ್ದು. ಕೆತ್ತನೆ ಇಲ್ಲ ಅಂತ ಜನ ಬಿಡುತ್ತಾರೆ, ಮರ ಮಾತ್ರ ಒಳ್ಳೆಯದು, ಧೂಳು ಒರೆಸುವುದೂ ಸುಲಭ.

ಮರ ಯಾವುದು

ತೇಗ ಮತ್ತು ಬೀಟೆ, ಈ ಎರಡೇ ಹೆಸರು ಅಂಗಡಿಯಲ್ಲಿ ಕೇಳಿಬರುತ್ತವೆ. ಒಳಗೆ ಹೊನ್ನೆ, ಮತ್ತಿ, ಹಲಸು ಏನು ಬೇಕಾದರೂ ಇರಬಹುದು. ಮುಖಕ್ಕೆ ಒಳ್ಳೇ ಮರ, ಬೆನ್ನಿಗೆ ಮತ್ತು ಡ್ರಾಯರಿನ ಒಳಗೆ ಅಗ್ಗದ ಮರ ಹಾಕುವುದು ಮೋಸ ಅಲ್ಲ. ಲಂಡನ್ನಿನಲ್ಲೂ ಹಾಗೇ ಮಾಡುತ್ತಿದ್ದರು. ಮೋಸ ಆಗುವುದು ಅಗ್ಗದ ಮರಕ್ಕೆ ಬಣ್ಣ ಹಚ್ಚಿ ಬೀಟೆ ಅಂದಾಗ. ಬೀಟೆ ಭಾರ. ಒಂದು ಘನ ಮೀಟರ್ ತೇಗ ಸುಮಾರು 650 ಕೆ.ಜಿ. ತೂಗಿದರೆ ಬೀಟೆ 800 ಕೆ.ಜಿ. ದಾಟುತ್ತದೆ. ಒಂದು ಬಾಗಿಲನ್ನು ಸ್ವಲ್ಪ ಎತ್ತಿ ನೋಡಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಬೀಟೆಯ ಕಪ್ಪು ಗೆರೆ ಹಲಗೆಯ ಮುಖದಿಂದ ಅಂಚಿಗೆ, ಅಂಚಿನಿಂದ ಒಳಬದಿಗೆ ಹರಿದುಹೋಗಬೇಕು. ಮುಖದಲ್ಲಿ ಗೆರೆ ಇದ್ದು ಅಂಚಿನಲ್ಲಿ ಮಾಯವಾದರೆ ಅದು ಬಣ್ಣ, ಇಲ್ಲವೇ ಹಚ್ಚಿದ ತೆಳು ಪದರ. ಬಿಸಿಲಿಗೆ ಬೀಟೆಯ ಬಣ್ಣ ತಿಳಿಯಾಗುತ್ತದೆ ಅನ್ನುವುದೂ ನೆನಪಿರಲಿ. ಹಿತ್ತಾಳೆ ಹಿಡಿಯ ತಟ್ಟೆ ಬಿಚ್ಚಿದರೆ ಅದರಡಿ ಮೂಲ ಬಣ್ಣ ಹಾಗೇ ಉಳಿದಿರುತ್ತದೆ.

ಮರದಲ್ಲಿ ಚೇಗು, ಅಂದರೆ ನಡುವಿನ ಗಟ್ಟಿ ಭಾಗ ಬೇರೆ, ಹೊರಗಿನ ಬಿಳಿ ಮರ ಬೇರೆ. ತೇಗದ ಚೇಗನ್ನು ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ, ಅದರಲ್ಲಿರುವ ಎಣ್ಣೆಯಂಥ ಅಂಶವೇ ಕಾರಣ. ಆದರೆ ಬಿಳಿ ಮರ ಸೇರಿಸಿದ್ದರೆ ಕುಟ್ಟೆ ಹಿಡಿಯುವುದು ಅಲ್ಲೇ. ಗುಂಡುಸೂಜಿಯ ತಲೆಯಷ್ಟು ತೂತುಗಳು ಕಂಡರೆ ಗಾಬರಿ ಬೇಡ. ಹುಳು ಈಗಲೂ ಇದೆಯಾ, ಯಾವತ್ತೋ ತಿಂದು ಹೋಗಿದೆಯಾ ಅನ್ನುವುದು ಪ್ರಶ್ನೆ. ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಊಟ ನಡೆಯುತ್ತಿದೆ. ಸೀಮೆಎಣ್ಣೆ ಸುರಿಯುವುದು ನಮ್ಮಲ್ಲಿ ರೂಢಿ. ವಾಸನೆ ಉಳಿಯುತ್ತದೆ, ಹುಳು ಸಾಯುವ ಭರವಸೆ ಇಲ್ಲ, ತಟ್ಟೆ-ಲೋಟ ಇಡುವ ಬೀರಿಗೆ ಅದು ಬೇಡವೇ ಬೇಡ. ಪಾಲಿಶ್ ಇಲ್ಲದ ಒಳಮೈಗೆ ಬೋರಾನ್ ಇರುವ ಔಷಧಿ ಹಚ್ಚಿಸಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿಸಿ. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದೇ ಇಲ್ಲ.

ಇನ್ನೊಂದು ಸಂಗತಿ, ಹವೆಯದ್ದು. ಅಂಗಡಿಗಳಿಗೆ ಬರುವ ಸರಕಿನಲ್ಲಿ ಎಷ್ಟೋ ಕರಾವಳಿ, ಕೇರಳದ ಕಡೆಯದು. ಅಲ್ಲಿ ವರ್ಷವಿಡೀ ತೇವ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಒಣ ಹವೆಯ ಊರು. ಅಲ್ಲಿಂದ ಬಂದ ಪೀಸು ಇಲ್ಲಿನ ಮೊದಲ ಫೆಬ್ರವರಿ-ಮಾರ್ಚಿನಲ್ಲಿ ಕುಗ್ಗುತ್ತದೆ. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಬಾಗಿಲಿನ ನಡುಹಲಗೆ ಚೌಕಟ್ಟಿನೊಳಗೆ ಸಡಿಲವಾಗಿ ಕೂತಿರುವುದು ಇದಕ್ಕಾಗಿಯೇ. ಅದು ಅಲ್ಲಾಡುತ್ತದೆ ಅಂತ ಫೆವಿಕಾಲ್ ಹಾಕಿಸಿಬಿಟ್ಟರೆ ಮುಂದಿನ ಬೇಸಿಗೆಗೆ ನಡುವೆ ಸೀಳು ಬರುತ್ತದೆ. ಬಿರುಕು ಕಂಡ ತಕ್ಷಣ ಪುಟ್ಟಿ ತುಂಬಿಸಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಅದು ಎಲ್ಲಿಗೆ ನಿಲ್ಲುತ್ತದೋ ನೋಡಿ ಆಮೇಲೆ ರಿಪೇರಿ.

ಪಾಲಿಶ್ ತೆಗೆಸುವ ಮುಂಚೆ

ಹಳೇ ಪೀಸುಗಳು ಹಾಳಾಗುವುದು ಗೆದ್ದಲಿಗಿಂತ ಜಾಸ್ತಿ ಪಾಲಿಶ್ ಕೆಲಸದಲ್ಲಿ. ಯಂತ್ರ ಹಿಡಿದು ಪೂರ್ತಿ ಉಜ್ಜಿ, ಹಳೇ ಮೈಯನ್ನೆಲ್ಲ ಪುಡಿ ಮಾಡಿ, ಮೇಲೆ ಗಾಜಿನಂಥ ಪಿಯು (ಪಾಲಿಯುರೆಥೇನ್) ಪಾಲಿಶ್ ಬಳಿದು ಕೊಡುತ್ತಾರೆ. ಕೆತ್ತನೆಯ ಅಂಚು ಸವೆದುಹೋಗಿರುತ್ತದೆ. ಎಪ್ಪತ್ತು-ಎಂಬತ್ತು ವರ್ಷ ಕೈ ತಾಗಿ, ಬೆಳಕು ತಾಗಿ ಬಂದ ಬಣ್ಣ ಮತ್ತೆ ಬರುವುದಿಲ್ಲ.

ಹಳೇ ಪಾಲಿಶ್ ಹೆಚ್ಚಿನ ಪಾಲು ಅರಗಿನದು. ಅರಗಿನ ಹುಳು ಮರದ ಕೊಂಬೆಯ ಮೇಲೆ ಬಿಡುವ ಅಂಟನ್ನು ಶುದ್ಧಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಪೊಟ್ಟಣದಲ್ಲಿ ಅದ್ದಿ ತೆಳ್ಳಗೆ ಹತ್ತಾರು ಸಲ ಎಳೆಯುವುದು. ಇಂಗ್ಲಿಷಿನವರು ಫ್ರೆಂಚ್ ಪಾಲಿಶ್ ಅಂದರು, ನಮ್ಮವರು ಸ್ಪಿರಿಟ್ ಪಾಲಿಶ್ ಅನ್ನುತ್ತಾರೆ. ಅರಗಿಗೂ ಮೈಸೂರಿಗೂ ಸಂಬಂಧ ಇದೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಇಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯನ್ನು 1962ರ ಚುನಾವಣೆಯಿಂದ ಮಾಡಿಕೊಡುತ್ತಿರುವುದು ಇದೇ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್.

ನಿಮ್ಮ ಪೀಸಿನ ಮೇಲೆ ಯಾವ ಪಾಲಿಶ್ ಇದೆ ಅಂತ ತಿಳಿಯುವುದು ಸುಲಭ. ಕಾಣದ ಜಾಗದಲ್ಲಿ, ಅಂದರೆ ಕಾಲಿನ ಹಿಂಬದಿಯಲ್ಲಿ, ಹತ್ತಿಗೆ ಸ್ಪಿರಿಟ್ ಅದ್ದಿ ಒಂದು ನಿಮಿಷ ಒತ್ತಿ. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅರಗು. ಏನೂ ಆಗದಿದ್ದು ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು ಥರದ್ದು. ಅರಗಾದರೆ ನೀವು ಅದೃಷ್ಟವಂತರು. ಪೂರ್ತಿ ತೆಗೆಯುವ ಅಗತ್ಯ ಇಲ್ಲ. ಹೊಸ ಅರಗು ಹಳೇ ಅರಗನ್ನು ಸ್ವಲ್ಪ ಕರಗಿಸಿಕೊಂಡು ಅದರ ಜೊತೆಗೇ ಸೇರುತ್ತದೆ. ಬಲ್ಲ ಆಚಾರಿ ಸವೆದ ಕಡೆ ಮಾತ್ರ ಎಳೆದು ಸರಿಮಾಡುತ್ತಾನೆ.

ಅರಗಿನ ದೌರ್ಬಲ್ಯ ಅಂದರೆ ಬಿಸಿ ಮತ್ತು ನೀರು. ಕಾಫಿ ಲೋಟ ಇಟ್ಟ ಕಡೆ ಬಿಳಿ ಉಂಗುರ ಏಳುತ್ತದೆ. ಅದು ಪಾಲಿಶ್ ಪದರದೊಳಗೆ ಸಿಕ್ಕಿಕೊಂಡ ತೇವ, ಮರಕ್ಕೆ ಏನೂ ಆಗಿರುವುದಿಲ್ಲ. ಹತ್ತಿ ಬಟ್ಟೆಗೆ ಸ್ಪಿರಿಟ್ ತಾಗಿಸಿಯೂ ತಾಗಿಸದ ಹಾಗೆ ಅದ್ದಿ, ಹಗುರವಾಗಿ, ನಿಲ್ಲಿಸದೆ ಒಂದೆರಡು ಸಲ ಎಳೆದರೆ ಬಹಳ ಸಲ ಮಾಯವಾಗುತ್ತದೆ. ಜಾಸ್ತಿ ಒತ್ತಿದರೆ ಪಾಲಿಶ್ಶೇ ಬರುತ್ತದೆ, ಹುಷಾರು. ಕಪ್ಪು ಉಂಗುರವಾದರೆ ನೀರು ಮರಕ್ಕೇ ಇಳಿದಿದೆ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬಿಸಿ ಸಾರಿನ ಪಾತ್ರೆಯನ್ನು ನೇರ ಇಡುವ ಮನೆಯಾದರೆ ಮೇಲಿನ ಹಲಗೆಗೆ ಮಾತ್ರ ಗಾಜು ಹಾಕಿಸಿ, ನಡುವೆ ಸಣ್ಣ ಬಟನ್‌ಗಳನ್ನಿಟ್ಟು ಗಾಳಿ ಬಿಡಿ.

ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಹಚ್ಚಿದ ದಿನ ಚೆನ್ನಾಗಿ ಕಾಣುತ್ತದೆ. ಆ ಎಣ್ಣೆ ಒಣಗುವ ಜಾತಿಯದಲ್ಲ. ಧೂಳು ಹಿಡಿದು ಸಂದುಗಳಲ್ಲಿ ಕಪ್ಪು ಜಿಡ್ಡಾಗುತ್ತದೆ. ಜೇನುಮೇಣದ ಪಾಲಿಶ್ ವರ್ಷಕ್ಕೆ ಒಂದೆರಡು ಸಲ ಸಾಕು. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು, ಬಿಡಿಸಿ ಒಣಹಾಕಿ. ಹಿತ್ತಾಳೆ ಹಿಡಿಗೆ ಹುಣಸೆಹಣ್ಣು ಉಜ್ಜುವ ಆಸೆ ನಮಗೆಲ್ಲ ಇದ್ದದ್ದೇ. ಹಿಡಿ ಬಿಚ್ಚಿಕೊಂಡು ಹೋಗಿ ಅಡುಗೆಮನೆಯಲ್ಲಿ ಉಜ್ಜಿ. ಬೀರಿನ ಮೇಲೇ ಉಜ್ಜಿದರೆ ಹುಳಿ ನೀರು ಸುತ್ತಲಿನ ಮರಕ್ಕೆ ಇಳಿದು ಕಲೆ ಕಟ್ಟುತ್ತದೆ.

ಒಂದು ಎಚ್ಚರಿಕೆ, ಇಂಗ್ಲೆಂಡಿನಿಂದಲೇ ಬಂದ ಪೀಸು ಸಿಕ್ಕವರಿಗೆ. ವೈನ್ ಬಾಟ್ಲಿ ತಣ್ಣಗಿಡಲು ಕೆಲವದರಲ್ಲಿ ಆಳದ ಡ್ರಾಯರಿಗೆ ಸೀಸದ ತಗಡು ಹೊಡೆದಿರುತ್ತಾರೆ. ಬೂದು ಬಣ್ಣ, ಉಗುರಿನಲ್ಲೇ ಗೀರು ಬೀಳುವಷ್ಟು ಮೆತ್ತಗೆ. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ ಏನೂ ಇಡಬೇಡಿ.

ದಂತ ಇದ್ದರೆ, ಬೀಟೆ ಇದ್ದರೆ

ಮೈಸೂರು ಇನ್‌ಲೇ ಕೆಲಸದ ಸೈಡ್‌ಬೋರ್ಡ್ ಸಿಕ್ಕರೆ ಬಿಡಲು ಮನಸ್ಸಾಗುವುದಿಲ್ಲ, ಅಲ್ವಾ? ಬೀಟೆಯ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಅದಕ್ಕೆ ಸರಿಯಾಗಿ ಕತ್ತರಿಸಿ ಕೂರಿಸುವ ಕೆಲಸ ಅದು. ಬಣ್ಣ ಬಳಿಯುವುದಿಲ್ಲ, ಮರದ ಸ್ವಂತ ಬಣ್ಣವೇ. ಮಂಡಿ ಮೊಹಲ್ಲಾ, ತಿಲಕ್ ನಗರದ ಕಡೆ ಈಗಲೂ ಈ ಕಸುಬು ಇದೆ, ಈ ಊರಿನದೇ ಕಸುಬು ಅಂತ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಇವತ್ತಿನ ಕೆಲಸದಲ್ಲಿ ಬಿಳಿ ಜಾಗಕ್ಕೆ ಪ್ಲಾಸ್ಟಿಕ್ಕೋ ಬಿಳಿ ಮರವೋ ಇರುತ್ತದೆ. ಹಿಂದೆ ಆನೆ ದಂತ ಇರುತ್ತಿತ್ತು. ಅರಮನೆಯ ಬಾಗಿಲುಗಳಲ್ಲಿ ಆ ಕೆಲಸ ನೋಡಿರುತ್ತೀರಿ.

ತೊಡಕು ಇರುವುದು ಇಲ್ಲೇ. 1972ರ ವನ್ಯಜೀವಿ ಕಾಯ್ದೆ, ಅದಕ್ಕೆ ಬಂದ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಪೂರ್ತಿ ನಿಷೇಧ. ವಸ್ತು ಎಷ್ಟೇ ಹಳೆಯದಾಗಿರಲಿ, ದಂತ ಇರುವುದನ್ನು ಕೊಳ್ಳುವುದು, ಮಾರುವುದು ಅಪರಾಧ. ತಾತನ ಕಾಲದಿಂದ ಮನೆಯಲ್ಲೇ ಇದ್ದರೆ ಅದಕ್ಕೂ ಅರಣ್ಯ ಇಲಾಖೆಯ ಒಡೆತನದ ಪತ್ರ ಬೇಕು. ಹಾಗಾಗಿ ಬಿಳಿ ಚೂರು ಏನು ಅಂತ ಗುರುತಿಸಲು ಬರಬೇಕು. ಅದು ಮೂಳೆಯೂ ಆಗಿರಬಹುದು. ಭೂತಗನ್ನಡಿ ಹಿಡಿದರೆ ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣುತ್ತವೆ. ದಂತವನ್ನು ಅಡ್ಡಕ್ಕೆ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ಹಾದುಹೋಗುವ ಬಾಗು ಗೆರೆಗಳ ಜಾಲ ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಇವೆರಡೂ ಇರುವುದಿಲ್ಲ. ‘ಇದು ಅಸಲಿ ದಂತ ಸಾರ್, ಅದಕ್ಕೇ ಈ ರೇಟು’ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಹೊರಟುಬಿಡಿ.

ಆಂಟಿಕ್ ಅಂದರೆ ನೂರು ವರ್ಷ ದಾಟಿದ್ದು ಅನ್ನುವುದು ಲೋಕರೂಢಿ, ಅದಕ್ಕಿಂತ ಚಿಕ್ಕ ವಯಸ್ಸಿನದು ವಿಂಟೇಜ್. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲೂ ನೂರು ವರ್ಷವೇ ಗೆರೆ. ಆ ವ್ಯಾಖ್ಯೆಯೊಳಗೆ ಬರುವ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಸಿಡ್ನಿಯಲ್ಲಿರುವ ಮಗಳಿಗೆ ಅಜ್ಜಿಯ ಸೈಡ್‌ಬೋರ್ಡ್ ಕಳಿಸುವ ಯೋಚನೆ ಇದ್ದರೆ, ಅದು ಪ್ರಾಚ್ಯವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯ ಪ್ರಮಾಣಪತ್ರದ ವಿಚಾರ ಮೊದಲು ಕೇಳಿ. ಬೀಟೆಯದಾದರೆ ಇನ್ನೊಂದು ಕಾಗದ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತಾರಾಷ್ಟ್ರೀಯ ವನ್ಯಜೀವಿ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ. ಸಣ್ಣಪುಟ್ಟ ಸಾಮಾನಿಗೆ 10 ಕೆ.ಜಿ.ವರೆಗೆ ವಿನಾಯಿತಿ ಇದೆ. ಸೈಡ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ.

ಮನೆಗೆ ತಂದಮೇಲೆ

ಊಟದ ಮೇಜಿನ ಅಂಚಿಗೂ ಸೈಡ್‌ಬೋರ್ಡಿಗೂ ನಡುವೆ ಮೂರಡಿ ಬಿಡಬೇಕು. ಕುರ್ಚಿ ಹಿಂದಕ್ಕೆ ಎಳೆದಾಗಲೂ ಬಡಿಸುವವರು ಓಡಾಡಬೇಕು, ಡ್ರಾಯರೂ ತೆರೆಯಬೇಕು. ಈಗಿನ ಫ್ಲಾಟುಗಳಲ್ಲಿ ಇದು ಕಷ್ಟ. ಕೊಳ್ಳುವ ಮುಂಚೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಅಷ್ಟು ಜಾಗ ಗುರುತು ಮಾಡಿಕೊಂಡು ಎರಡು ದಿನ ಓಡಾಡಿ ನೋಡಿ. ಲಿಫ್ಟು, ಮೆಟ್ಟಿಲ ತಿರುವು ಎರಡನ್ನೂ ಅಳೆಯಿರಿ.

ಸಾಗಿಸುವಾಗ ಡ್ರಾಯರ್ ಎಲ್ಲ ಹೊರಗೆ, ಕನ್ನಡಿಯ ಭಾಗ ಬೇರೆ, ಬಾಗಿಲಿಗೆ ದಾರ. ಎತ್ತುವುದು ಕೆಳಗಿನ ಚೌಕಟ್ಟು ಹಿಡಿದು. ಮೇಲಿನ ಹಲಗೆ ಹಿಡಿದು ಎತ್ತಿದರೆ ಅದೇ ಕಿತ್ತು ಕೈಗೆ ಬರುತ್ತದೆ. ಎಳೆಯಲಂತೂ ಬಾರದು, ಹಳೇ ಕಾಲುಗಳು ಮುರಿಯುವುದೇ ಎಳೆದಾಗ. ಬಾತ್‌ರೂಮಿನ ಗೋಡೆಗೆ ಆನಿಸಬೇಡಿ. ಬೇರೆ ಯಾವ ಗೋಡೆಯಾದರೂ ಎರಡು ಬೆರಳು ಸಂದು ಬಿಡಿ, ಗಾಳಿಯಾಡಲಿ, ಗೆದ್ದಲ ಮಣ್ಣಿನ ದಾರಿ ಕಟ್ಟಿದರೆ ಕಣ್ಣಿಗೆ ಬೀಳಲಿ. ಪಶ್ಚಿಮದ ಕಿಟಕಿಯ ಬಿಸಿಲು ನೇರ ಬೀಳುವ ಜಾಗವೂ ಬೇಡ.

ಅಂಗಡಿಯಲ್ಲಿ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಮನೆಯಲ್ಲಿ ಮುಚ್ಚುವುದಿಲ್ಲ ಅನ್ನುವುದು ಎಲ್ಲರ ದೂರು. ಒಂದು ಬಾಗಿಲು ಮೇಲೆ, ಒಂದು ಕೆಳಗೆ, ಬೀಗದ ನಾಲಿಗೆ ಸೇರುವುದಿಲ್ಲ. ಆಚಾರಿಯನ್ನು ಕರೆಸಿ ಅಂಚು ಕೀಸಿಸುವ ಮುಂಚೆ ಮೇಲಿನ ಹಲಗೆಯ ಮೇಲೆ ಮಟ್ಟ ಇಟ್ಟು ನೋಡಿ. ಬಹಳ ಸಲ ಬಾಗಿಲಿನದು ಏನೂ ತಪ್ಪಿರುವುದಿಲ್ಲ, ಟೈಲ್ಸ್ ನೆಲ ಒಂದು ಮೂಲೆಯಲ್ಲಿ ತಗ್ಗಿರುತ್ತದೆ. ಅಷ್ಟು ಉದ್ದದ ಪೀಸು ಸ್ವಲ್ಪವೇ ತಿರುಚಿಕೊಂಡರೂ ಬಾಗಿಲುಗಳು ಒಂದಕ್ಕೊಂದು ತಪ್ಪುತ್ತವೆ. ತಗ್ಗಿದ ಕಡೆಯ ಕಾಲಿನಡಿ ಒಂದು ರಟ್ಟಿನ ಚೂರು ಮಡಚಿ ಇಡಿ. ಬಾಗಿಲು ತಾನಾಗಿಯೇ ಕೂತುಕೊಂಡರೆ ರಟ್ಟು ತೆಗೆದು ಅಷ್ಟೇ ದಪ್ಪದ ತೇಗದ ಚೂರು ಹಾಕಿಸಿ.